ಬಟ್ಟೆ ಕ್ಲಿಪ್ಪಿನ ಕಾವಲು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಾನ್ ಡಿಯೇಗೋ ನಗರದ ಸೀಮೆಯೊಳಗೆ, ಟಾರೀ ಪೈನ್ಸ್ ಎಂಬ ಕಡಲದಂಡೆಯೊಂದಿದೆ. ದಂಡೆಯೆಂದರೆ ನಮ್ಮ ಕಾರವಾರದಲ್ಲಿರುವಂತೆ ಮೆಲ್ಲಗೆ ಜಾರಿ ನೀರಿಗಿಳಿಯುವ ಮರಳ ತೀರವಲ್ಲ. ನೆಲವು ಸಮತಟ್ಟಾಗಿ ಪೆಸಿಫಿಕ್ ಸಾಗರದ ಕಡೆಗೆ ನಡೆದುಬಂದು, ಅಲ್ಲಿ ಹಠಾತ್ತನೆ ಸುಮಾರು 300 ಅಡಿ ಕೆಳಕ್ಕೆ ಕಡಿದುಹೋಗಿದೆ. ಹಗಲು ಏರಿದಂತೆ ಪಶ್ಚಿಮದಿಂದ ಕಡಲಗಾಳಿ ಬೀಸತೊಡಗುತ್ತದೆ. ಆಗ ಆ ಗೋಡೆಯ ಅಂಚಿನಲ್ಲಿ ಕೆಲವರು ಬಂದು ನಿಲ್ಲುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ. ಕಣ್ಣು ಆಕಾಶದಲ್ಲಿ, ಹೆಬ್ಬೆರಳುಗಳು ಪೆಟ್ಟಿಗೆಯ ಮೇಲಿನ ಎರಡು ಕಡ್ಡಿಗಳ ಮೇಲೆ. ಮಾತು ಕಡಿಮೆ. ಅವರೆದುರಿಗೆ, ಅಲೆಗಳ ಮೇಲಣ ಬಯಲಿನಲ್ಲಿ, ಎರಡು ಮೂರು ಮೀಟರು ಅಗಲದ ನೀಳ ರೆಕ್ಕೆಗಳ ವಿಮಾನಗಳು ಅತ್ತಿಂದಿತ್ತ ಇತ್ತಿಂದತ್ತ ತೇಲುತ್ತಿರುತ್ತವೆ. ಸದ್ದಿಲ್ಲ, ಸದ್ದು ಮಾಡಲು ಅವುಗಳಲ್ಲಿ ಎಂಜಿನ್ನೇ ಇಲ್ಲ.

ಹೊಸದಾಗಿ ಬಂದ ನೋಟಕನು ಕೇಳುವ ಮೊದಲ ಪ್ರಶ್ನೆ, "ಎಂಜಿನ್ ಇಲ್ಲದಿದ್ದರೆ ಇದು ಬೀಳುವುದಿಲ್ಲವೇಕೆ?" ಎಂಬುದು. ಅದಕ್ಕೆ ಅಲ್ಲಿನವರ ಉತ್ತರ ಸರಳವಾದದ್ದು: ಬೀಳುತ್ತಲೇ ಇದೆ! ಗ್ಲೈಡರ್ ಎಂಬುದು ಹುಟ್ಟಿದ ಕ್ಷಣದಿಂದ ಬೀಳುತ್ತಲೇ ಇರುವ ಯಂತ್ರ. ಆದರೆ ಅದರ ಬೀಳುವಿಕೆ ಬಹಳ ಸಾವಧಾನದ್ದು. ಒಂದು ಮೀಟರು ಕೆಳಗಿಳಿಯುವಷ್ಟರಲ್ಲಿ 15-20 ಮೀಟರು ಮುಂದೆ ಸಾಗಿರುತ್ತದೆ. ಅದು ಇಳಿಯುವುದಕ್ಕಿಂತ ಬೇಗನೆ ಅದರ ಸುತ್ತಣ ಗಾಳಿಯೇ ಮೇಲೇರುತ್ತಿದ್ದರೆ, ಇಳಿಯುತ್ತಿರುವಾಗಲೇ ಅದು ಏರುತ್ತದೆ. ಏರುವ ಮೆಟ್ಟಿಲಿನ ಮೇಲೆ ನಿಧಾನವಾಗಿ ಕೆಳಗಿಳಿಯುತ್ತಿರುವ ಮನುಷ್ಯನಂತೆ. ಟಾರೀ ಪೈನ್ಸಿನಲ್ಲಿ ಕಡಲಿನಿಂದ ಬಂದ ಗಾಳಿ ಕಡಿದಾದ ಗೋಡೆಗೆ ಬಡಿದು ಬೇರೆ ದಾರಿ ಕಾಣದೆ ಮೇಲಕ್ಕೆ ತಿರುಗುತ್ತದೆ. ಅದೇ ಆ ಮೆಟ್ಟಿಲು. ಪೆಟ್ಟಿಗೆಯಿಂದ ಹೊರಡುವ ರೇಡಿಯೋ ಅಲೆ ಚುಕ್ಕಾಣಿಯನ್ನು ತಿರುಗಿಸುತ್ತದೆಯೇ ಹೊರತು ವಿಮಾನವನ್ನು ಎತ್ತಿ ಹಿಡಿಯುವುದಿಲ್ಲ. ಗಾಳಿ ಎಲ್ಲಿ ಏರುತ್ತಿದೆಯೆಂದು ತಿಳಿಯಬೇಕಾದವನು ಮನುಷ್ಯ, ತಿಳಿಯಲು ಅವನಿಗಿರುವುದು ಕಣ್ಣು ಮತ್ತು ಕೆನ್ನೆಗೆ ತಾಗುವ ತಂಗಾಳಿ.

ಬಂಡೆಯಿಲ್ಲದ ಬಯಲಿನಲ್ಲಿ ಕೆಲಸ ಇನ್ನೂ ಕಷ್ಟ. ಅಲ್ಲಿ ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಗುಳ್ಳೆಗಳಾಗಿ, ಕಂಬಗಳಾಗಿ ಮೇಲೇಳುತ್ತದೆ. ಅದಕ್ಕೆ ಬಣ್ಣವಿಲ್ಲ, ಗುರುತಿಲ್ಲ. ಹಾರಾಟಗಾರರು ಇದನ್ನು ಥರ್ಮಲ್ ಎನ್ನುತ್ತಾರೆ. ಅದನ್ನು ಹುಡುಕಲು ಅವರು ಹಿಡಿಯುವ ಗುರುಗಳು ಹಕ್ಕಿಗಳೇ. ರೆಕ್ಕೆ ಬಡಿಯದೆ ಸುತ್ತುತ್ತಿರುವ ಹದ್ದು ಕಂಡಿತೋ, ಅತ್ತ ಗ್ಲೈಡರನ್ನು ತಿರುಗಿಸಿದರಾಯಿತು. ಈ ವಿದ್ಯೆಯ ಹಳೆಯ ಪಾಠಗಳಲ್ಲೊಂದು ಬರೆಯಲ್ಪಟ್ಟದ್ದು ಭಾರತದ ಆಕಾಶವನ್ನು ನೋಡಿ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಆಗ್ರಾದಲ್ಲಿ ಸರ್ಕಾರಿ ಜೀವಾಣು ಶಾಸ್ತ್ರಜ್ಞನಾಗಿದ್ದ ಹ್ಯಾಂಕಿನ್ ಎಂಬ ಆಂಗ್ಲನು, ಕಾಲರಾದ ಕ್ರಿಮಿಗಳನ್ನು ನೋಡಿ ದಣಿದ ಕಣ್ಣುಗಳನ್ನು ಮೇಲಕ್ಕೆತ್ತಿ, ಹದ್ದು ರಣಹದ್ದುಗಳ ತೇಲಾಟವನ್ನು ವರ್ಷಗಟ್ಟಲೆ ಗಮನಿಸಿ, 1913ರಲ್ಲಿ ಪ್ರಾಣಿಗಳ ಹಾರಾಟವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ಬೆಳಗ್ಗೆ ಗಾಳಿ ತೇಲಲು ಯೋಗ್ಯವಾಗುವುದಕ್ಕೆ ಒಂದು ಹೊತ್ತುಂಟು. ಹಗುರವಾದ ಹದ್ದು ಮೊದಲು ಏರುತ್ತದೆ, ಭಾರವಾದ ರಣಹದ್ದು ಬಿಸಿಲು ಬಲಿಯುವವರೆಗೆ ಕಾಯುತ್ತದೆ. ನಮ್ಮ ಊರುಗಳಲ್ಲಿ ಮಹಡಿಯ ಮೇಲೆ ಹಪ್ಪಳ ಒಣಗಿಸಲು ಕುಳಿತ ಮುದುಕಿಗೂ ಇದು ಗೊತ್ತಿರಬಹುದು. ಆದರೆ ಬರೆದಿಟ್ಟವನು ಹ್ಯಾಂಕಿನ್.

ಬಯಲಿನಲ್ಲಿ ಗ್ಲೈಡರನ್ನು ಮೊದಲು ಮೇಲಕ್ಕೇರಿಸುವುದೇ ಒಂದು ಸಾಹಸ. ಗಾಳಿಪಟವನ್ನು ಏರಿಸಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಉದ್ದನೆಯ ದಾರದ ಒಂದು ತುದಿಗೆ ರಬ್ಬರ್ ಕೊಳವೆಯನ್ನು ಕಟ್ಟಿ ಗೂಟಕ್ಕೆ ಬಿಗಿದು, ಇನ್ನೊಂದು ತುದಿಯ ಬಳೆಯನ್ನು ಗ್ಲೈಡರಿನ ಹೊಟ್ಟೆಯ ಕೊಕ್ಕೆಗೆ ಸಿಕ್ಕಿಸಿ, ಹಿಂದಕ್ಕೆ ಎಳೆದು ಬಿಡುತ್ತಾರೆ. ವಿಮಾನವು ಪಟದಂತೆ ಏರುತ್ತದೆ; ತುತ್ತತುದಿಯಲ್ಲಿ ಬಳೆ ತಾನಾಗಿ ಕಳಚಿಕೊಳ್ಳುತ್ತದೆ. ಸೂತ್ರ ಹರಿದ ಪಟ ದಿಕ್ಕು ತಪ್ಪುತ್ತದೆ. ಇಲ್ಲಿ ಸೂತ್ರ ಕಳಚಿದ ಮೇಲೆಯೇ ನಿಜವಾದ ಹಾರಾಟ ಮೊದಲಾಗುತ್ತದೆ. ಇನ್ನು ಕೆಲವರು ಕೈಯಿಂದಲೇ ಎಸೆಯುತ್ತಾರೆ. ಮೊದಲು ಈಟಿಯನ್ನು ಎಸೆಯುವಂತೆ ಎಸೆಯುತ್ತಿದ್ದರು. ಈಗ ಸುಮಾರು 25 ವರ್ಷಗಳಿಂದೀಚೆಗೆ, ರೆಕ್ಕೆಯ ತುದಿಯನ್ನು ಬೆರಳುಗಳಿಂದ ಹಿಡಿದು, ಚಕ್ರ ಎಸೆಯುವ ಕ್ರೀಡಾಪಟುವಿನಂತೆ ಒಂದು ಸುತ್ತು ತಿರುಗಿ ಬಿಡುವ ಪದ್ಧತಿ ಬಂದಿದೆ. ಒಂದೂವರೆ ಮೀಟರು ರೆಕ್ಕೆಯ, ಪಾವು ಕಿಲೋ ತೂಕದ ಆ ವಸ್ತು 50 ಮೀಟರಿಗೂ ಮೇಲೆ ಚಿಮ್ಮುತ್ತದೆ. ಟಾರೀ ಪೈನ್ಸಿನ ಹೆಸರನ್ನೇ ಇಟ್ಟುಕೊಂಡ ಗಲ್ಸ್ ಎಂಬ ಕ್ಲಬ್ಬೊಂದು ಸಾನ್ ಡಿಯೇಗೋದಲ್ಲಿದೆ. ಗಲ್ ಎಂದರೆ ಕಡಲಹಕ್ಕಿ. ಕೈಯೆಸೆತದ ಈ ಗ್ಲೈಡರುಗಳಿಗಾಗಿ ಸಮೀಪದ ಪೋವೇ ಎಂಬ ಊರಿನಲ್ಲಿ ಅವರು ನಡೆಸುತ್ತ ಬಂದ ಉತ್ಸವಕ್ಕೆ ಹೊರದೇಶಗಳಿಂದಲೂ ಸ್ಪರ್ಧಾಳುಗಳು ಬಂದಿದ್ದಾರೆ.

ಇಷ್ಟೆಲ್ಲ ಹೇಳಿದರೂ ಒಂದು ಮಾತು ಉಳಿಯುತ್ತದೆ. ಗಾಳಿ ಯಾರೊಬ್ಬರ ಸ್ವತ್ತೂ ಅಲ್ಲ, ಹಕ್ಕಿ ಯಾವ ಕ್ಲಬ್ಬಿನ ಸದಸ್ಯನೂ ಅಲ್ಲ. ಹಾಗಿದ್ದ ಮೇಲೆ ಈ ಏಕಾಂತಪ್ರಿಯರಿಗೆ ಕ್ಲಬ್ಬಾದರೂ ಏಕೆ ಬೇಕಾಯಿತು? ತೇಲುವಿಮಾನವನ್ನು ಹಾರಿಸುವವನ ಹಾಗೆ ಸುತ್ತಲಿನ ಪ್ರಪಂಚವನ್ನು ಮರೆತು ನಿಲ್ಲುವವರು ಗಾಳ ಹಾಕಿ ಕುಳಿತವರನ್ನು ಬಿಟ್ಟರೆ ಬೇರೆ ಯಾರೂ ಇರಲಾರರು. ಅಂಥವರನ್ನು ಒಂದುಗೂಡಿಸಿದ್ದು ಸ್ನೇಹವಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪು.

ಇದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1937ರಲ್ಲಿ ಅಮೆರಿಕದ ಮಿಶಿಗನ್ ಪ್ರಾಂತದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು 'ಗಫ್' ಎಂಬ ಎಂಜಿನ್ನುಳ್ಳ ಮಾದರಿ ವಿಮಾನವನ್ನು ರೇಡಿಯೋದಿಂದ ನಡೆಸಿ ತೋರಿಸಿದರು. ಆ ವಿಮಾನ ಇಂದಿಗೂ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದ ಸೊತ್ತು. ಅನಂತರ ಬಹುಕಾಲ ಈ ಯಂತ್ರಗಳಲ್ಲಿದ್ದದ್ದು ಒಂದೇ ಗುಂಡಿ. ಒಮ್ಮೆ ಒತ್ತಿದರೆ ಹುರಿಗೊಳಿಸಿದ ರಬ್ಬರಿನ ಬಲದಿಂದ ಚುಕ್ಕಾಣಿ ಬಲಕ್ಕೆ, ಬಿಟ್ಟರೆ ನೇರಕ್ಕೆ, ಮತ್ತೆ ಒತ್ತಿದರೆ ಎಡಕ್ಕೆ. ಹಿಂದಿನ ಸಲ ಯಾವ ಕಡೆಗೆ ತಿರುಗಿಸಿದೆನೆಂಬುದನ್ನು ಮರೆತವನ ವಿಮಾನ ಮರಕ್ಕೆ ನೇತುಬೀಳುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಆ ಕಾಲದ ಸಾಧಾರಣ ರಿಸೀವರು ತನ್ನ ಒಡೆಯನ ಮಾತಿಗೂ ಪಕ್ಕದವನ ಮಾತಿಗೂ ಭೇದವರಿಯದು. ಆದ್ದರಿಂದ ಒಂದು ಮೈದಾನದಲ್ಲಿ ಒಂದು ಸಲಕ್ಕೆ ಒಬ್ಬನೇ ಹಾರಿಸಬೇಕು. ಉಳಿದವರು ಸರದಿಗೆ ಕಾಯಬೇಕು. ಮುಂದೆ ರಿಸೀವರುಗಳು ಚುರುಕಾದವು. 27 ಮೆಗಾಹರ್ಟ್ಸಿನ ಸುತ್ತ ಆರು ಅಲೆಗಳು ಬಳಕೆಗೆ ಬಂದು, ಪ್ರತಿಯೊಂದಕ್ಕೂ ಒಂದೊಂದು ಬಣ್ಣ ಗೊತ್ತಾಯಿತು: ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ಪೆಟ್ಟಿಗೆಯ ಏರಿಯಲ್ ತಂತಿಯ ತುದಿಗೆ ಆಯಾ ಬಣ್ಣದ ಪಟ್ಟಿಯನ್ನು ಕಟ್ಟಿಕೊಂಡಿರಬೇಕು. ದೂರದಿಂದ ನೋಡಿದರೆ ಮೈದಾನವು ಜಾತ್ರೆಯಂತೆ ಕಾಣುತ್ತಿದ್ದಿರಬೇಕು. 1980ರ ದಶಕದಲ್ಲಿ ಅಮೆರಿಕದ ಸರ್ಕಾರ 72 ಮೆಗಾಹರ್ಟ್ಸಿನ ಸುತ್ತ 50 ಚಾನೆಲುಗಳನ್ನು ಹಂತಹಂತವಾಗಿ ಒದಗಿಸಿತು. ಬಣ್ಣದ ಬದಲು ಅಂಕೆ ಬಂತು.

ಐವತ್ತಾದರೇನು, ಇಬ್ಬರಲ್ಲಿ ಒಂದೇ ಅಂಕೆಯ ಪೆಟ್ಟಿಗೆಯಿದ್ದರೆ ಗಂಡಾಂತರ ತಪ್ಪಿದ್ದಲ್ಲ. ಒಬ್ಬನ ಗ್ಲೈಡರು ಮೇಲಿದೆ. ಇನ್ನೊಬ್ಬನು ಆಗತಾನೆ ಬಂದು, ಕಾರಿನ ಬಳಿ ನಿಂತು, ಬ್ಯಾಟರಿ ಸರಿಯಾಗಿದೆಯೇ ನೋಡೋಣವೆಂದು ಸ್ವಿಚ್ಚನ್ನು ಒತ್ತುತ್ತಾನೆ. ಅಷ್ಟೇ. ಮೇಲಿದ್ದ ವಿಮಾನ ಹುಚ್ಚು ಹಿಡಿದಂತೆ ಹೊರಳಿ ನೆಲಕ್ಕೆ ಬಡಿಯುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಊಟದ ಮೇಜಿನ ಮೇಲೆ ಬಾಲ್ಸಾ ಮರದ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸಿ, ಹೆಂಡತಿಯ ಗೊಣಗಾಟವನ್ನು ಸಹಿಸಿ, ಮೂರು ನಾಲ್ಕು ತಿಂಗಳಲ್ಲಿ ಸಿದ್ಧಪಡಿಸಿದ ವಸ್ತು ಮೂರು ಸೆಕೆಂಡಿನಲ್ಲಿ ಚೂರಾಗುತ್ತದೆ. ಕೆಳಗೆ ಯಾರಾದರೂ ನಿಂತಿದ್ದರೆ ಚೂರಾಗುವುದು ಮರವೊಂದೇ ಅಲ್ಲ. ಸ್ವಿಚ್ಚೊತ್ತಿದವನಿಗೋ ತಾನೇನು ಮಾಡಿದೆನೆಂಬುದು ಗೊತ್ತೇ ಆಗಿರುವುದಿಲ್ಲ.

ಇದಕ್ಕೆ ಕ್ಲಬ್ಬುಗಳು ಕಂಡುಕೊಂಡ ಉಪಾಯ ಅಡಿಗೆಮನೆಯ ಹಿತ್ತಿಲಿನದು. ಮೈದಾನದ ಅಂಚಿನಲ್ಲಿ ಒಂದು ಹಲಗೆಯನ್ನು ನಿಲ್ಲಿಸಿ, ಅದರ ಮೇಲೆ ಚಾನೆಲುಗಳ ಅಂಕೆಗಳನ್ನು ಬರೆದು, ಒಂದೊಂದು ಅಂಕೆಗೂ ಒಂದೊಂದು ಬಟ್ಟೆ ಕ್ಲಿಪ್ಪನ್ನು ಸಿಕ್ಕಿಸಿದರು. ಹಾರಿಸಬೇಕೆನ್ನುವವನು ತನ್ನ ಅಂಕೆಯ ಕ್ಲಿಪ್ಪನ್ನು ತೆಗೆದು ತನ್ನ ಏರಿಯಲ್ಲಿಗೆ ಸಿಕ್ಕಿಸಿಕೊಳ್ಳಬೇಕು. ಕ್ಲಿಪ್ಪು ಕೈಯಲ್ಲಿಲ್ಲದೆ ಸ್ವಿಚ್ಚನ್ನು ಮುಟ್ಟಕೂಡದು. ಇಳಿಸಿದ ಕೂಡಲೆ ಕ್ಲಿಪ್ಪನ್ನು ಹಲಗೆಗೆ ಹಿಂದಿರುಗಿಸಬೇಕು. ಮರೆತು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದವನಿಂದ ಆ ಅಂಕೆಯವರೆಲ್ಲರ ಭಾನುವಾರ ಹಾಳು. ಇಂಗ್ಲೆಂಡಿನಲ್ಲಿ ಇದಕ್ಕೆ ಎರಡು ಮತಗಳಿದ್ದವು: ಕೆಲವು ಕ್ಲಬ್ಬುಗಳಲ್ಲಿ ಹಲಗೆಯಿಂದ ಕ್ಲಿಪ್ಪನ್ನು ತೆಗೆಯುವುದು, ಕೆಲವದರಲ್ಲಿ ತನ್ನ ಕ್ಲಿಪ್ಪನ್ನು ಹಲಗೆಗೆ ಹಾಕುವುದು. ಒಂದು ಮತದವನು ಇನ್ನೊಂದು ಮತದ ಮೈದಾನಕ್ಕೆ ಅತಿಥಿಯಾಗಿ ಹೋದ ದಿನ, ಖಾಲಿಯಿದ್ದ ಜಾಗವನ್ನು ಕಂಡು 'ಯಾರೂ ಹಾರಿಸುತ್ತಿಲ್ಲ'ವೆಂದು ತಿಳಿಯುವುದು ಎಷ್ಟು ಸುಲಭವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಲಿಪ್ಪಿಗೆ ಬೀಗವಿರಲಿಲ್ಲ, ಕಾವಲುಗಾರನಿರಲಿಲ್ಲ. ಮೋಸ ಮಾಡಬೇಕೆಂದವನನ್ನು ಅದು ತಡೆಯಲಾರದು. ಆದರೂ ಹತ್ತಾರು ವರ್ಷ ಸಾವಿರಾರು ಮೈದಾನಗಳಲ್ಲಿ ಈ ಹಲಗೆಯೇ ಆಕಾಶವನ್ನು ಹಂಚಿಕೊಟ್ಟಿತು. ಒಂದೇ ಅಂಕೆಯ ಇಬ್ಬರು ಅನಿವಾರ್ಯವಾಗಿ ಮಾತನಾಡಿಕೊಳ್ಳಬೇಕಾಯಿತು. ಒಬ್ಬನು ಹಾರಿಸುವಾಗ ಇನ್ನೊಬ್ಬನು ಸುಮ್ಮನೆ ಕೂಡಬೇಕಾಯಿತು, ಸುಮ್ಮನೆ ಕುಳಿತವನು ನೋಡಬೇಕಾಯಿತು, ನೋಡಿದವನು ಕಲಿತನು. ಅನುಭವಿಯು ಗಾಳಿಯನ್ನು ಎಲ್ಲಿ ಹುಡುಕುತ್ತಾನೆ, ಯಾವ ಹಕ್ಕಿಯನ್ನು ನಂಬುತ್ತಾನೆ, ಯಾವುದನ್ನು ನಂಬುವುದಿಲ್ಲ ಎಂಬ ವಿದ್ಯೆ ಪುಸ್ತಕದಿಂದ ಬಂದುದಕ್ಕಿಂತ ಹೆಚ್ಚಾಗಿ ಕ್ಲಿಪ್ಪಿಗೆ ಕಾಯುತ್ತ ಕುಳಿತ ಬೆಂಚಿನಿಂದ ಬಂತು.

2005ರ ಸುಮಾರಿಗೆ 2.4 ಗಿಗಾಹರ್ಟ್ಸಿನ ಹೊಸ ಬಗೆಯ ರೇಡಿಯೋಗಳು ಹವ್ಯಾಸಿಗಳ ಕೈಗೆ ಬಂದವು. ಇವುಗಳಲ್ಲಿ ಪೆಟ್ಟಿಗೆಗೂ ರಿಸೀವರಿಗೂ ಮೊದಲೇ ಗಂಟು ಹಾಕಿರುತ್ತದೆ. ಎಷ್ಟು ಮಂದಿ ಪಕ್ಕದಲ್ಲಿ ನಿಂತು ಹಾರಿಸಿದರೂ ಅವು ತಮ್ಮ ಒಡೆಯನನ್ನಲ್ಲದೆ ಬೇರೆಯವನ ಮಾತನ್ನು ಕೇಳವು. ಕೆಲವೇ ವರ್ಷಗಳಲ್ಲಿ ಹಲಗೆಗೆ ಕೆಲಸವಿಲ್ಲದಾಯಿತು. ಅದೇ ಕಾಲಕ್ಕೆ ಹಗುರವಾದ ನೊರೆಪ್ಲಾಸ್ಟಿಕ್ಕಿನ ಸಿದ್ಧ ವಿಮಾನಗಳು ಅಂಗಡಿಗೆ ಬಂದು, ಬಾಲ್ಸಾ ಪಟ್ಟಿಗಳ ರಾತ್ರಿಗಳೂ ಕಡಿಮೆಯಾದವು. ಬೇಕಾದವನು ಬೇಕಾದಾಗ ಬೇಕಾದಲ್ಲಿ ಒಬ್ಬನೇ ಹೋಗಿ ಹಾರಿಸಬಹುದು. ಈ ಸೌಕರ್ಯವನ್ನು ದೂರುವುದು ಕೃತಘ್ನತೆ. ಎಷ್ಟೋ ವಿಮಾನಗಳೂ ಕೆಲವು ತಲೆಗಳೂ ಅದರಿಂದ ಉಳಿದಿವೆ. ಆದರೆ ಬೆಂಚು ಖಾಲಿಯಾದುದೂ ನಿಜ. ಜೊತೆಗಾರನ ಅಗತ್ಯವಿದ್ದದ್ದು ರೇಡಿಯೋದ ಕೊರತೆಯಿಂದ. ಕೊರತೆ ನೀಗಿದ ಮೇಲೆ ಜೊತೆಗಾರನೂ ನೀಗಿದನು.

ಮುಂದೆ ನಡೆದುದು ವಿಚಿತ್ರ. ನಾಲ್ಕು ಪಂಖಗಳ ಡ್ರೋನುಗಳು ಮಾರುಕಟ್ಟೆಯನ್ನು ತುಂಬಿದವು. ಅವುಗಳ ಕಾಟಕ್ಕೆ ಅಂಜಿದ ಅಮೆರಿಕದ ಸರ್ಕಾರ ಮನುಷ್ಯರಿಲ್ಲದ ವಿಮಾನಗಳಿಗೆಲ್ಲ ಒಂದೇ ಕಾನೂನಿನ ಕೊಡೆ ಹಿಡಿಯಿತು. 2018ರ ಕಾಯಿದೆಯ ಮೇರೆಗೆ ಹವ್ಯಾಸದ ವಿಮಾನವು ಸಾಮಾನ್ಯವಾಗಿ 400 ಅಡಿಗಿಂತ ಮೇಲೇರುವಂತಿಲ್ಲ. ವಿಶೇಷ ಅನುಮತಿ ಪಡೆದ ಮೈದಾನಗಳಿಗೆ ಮಾತ್ರ ವಿನಾಯಿತಿ. ಡ್ರೋನಿಗೆ 400 ಅಡಿ ಧಾರಾಳ. ಬಿಸಿಗಾಳಿಯ ಕಂಬವನ್ನು ಹಿಡಿದು ಸುತ್ತುತ್ತ ಏರುವ ಗ್ಲೈಡರಿಗಾದರೋ ಅದು ಕಂಬದ ಬುಡ. ಏರುವುದಕ್ಕಾಗಿಯೇ ಹುಟ್ಟಿದ ವಸ್ತುವಿಗೆ ಏರಬೇಡವೆಂದಂತಾಯಿತು. 2023-24ರಲ್ಲಿ ಇನ್ನೊಂದು ನಿಯಮ ಜಾರಿಗೆ ಬಂತು. ಅದರಂತೆ 250 ಗ್ರಾಮಿಗಿಂತ ಭಾರವಾದ ಹವ್ಯಾಸದ ವಿಮಾನವು ಹಾರುತ್ತಿರುವಾಗ ತನ್ನ ಗುರುತನ್ನೂ ಇರುವ ಸ್ಥಳವನ್ನೂ ರೇಡಿಯೋದಲ್ಲಿ ಸಾರುತ್ತಿರಬೇಕು. ಸಾರುವ ಸಾಧನವಿಲ್ಲದಿದ್ದರೆ ಸರ್ಕಾರ ಒಪ್ಪಿದ ಮೈದಾನದೊಳಗೆ ಮಾತ್ರ ಹಾರಿಸಬೇಕು. ಅಂಥ ಮೈದಾನಕ್ಕೆ ಅರ್ಜಿ ಹಾಕುವ ಅಧಿಕಾರ ಯಾರಿಗೆ? ಒಂಟಿ ಮನುಷ್ಯನಿಗಲ್ಲ. ಮಾನ್ಯತೆ ಪಡೆದ ಹವ್ಯಾಸಿ ಸಂಘಟನೆಗಳಿಗೂ ವಿದ್ಯಾಸಂಸ್ಥೆಗಳಿಗೂ ಮಾತ್ರ. ರೇಡಿಯೋ ಬಿಡಿಸಿದ ನಂಟನ್ನು ಕಾನೂನು ಮತ್ತೆ ಕಟ್ಟಿತು. ಹಳೆಯ ಬಾಲ್ಸಾ ವಿಮಾನಕ್ಕೆ ಹೊಸ ಸಾಧನವನ್ನು ತಗುಲಿಸಲೊಲ್ಲದ ಹಿರಿಯನಿಗೆ ಕ್ಲಬ್ಬಿನ ಮೈದಾನವೇ ಗತಿ.

ಹಾಗೆ ಬಲವಂತದಿಂದ ಬಂದ ಸಹವಾಸ ಕ್ಲಿಪ್ಪಿನ ಕಾಲದ ಸಹವಾಸಕ್ಕೆ ಸಮನಾಗುತ್ತದೆಯೇ ಎಂಬುದು ಬೇರೆ ವಿಷಯ. ಕ್ಲಿಪ್ಪನ್ನು ಮನುಷ್ಯರು ತಮ್ಮೊಳಗೆ ತಾವೇ ಗೊತ್ತುಮಾಡಿಕೊಂಡಿದ್ದರು. ಟಾರೀ ಪೈನ್ಸಿನ ಬಂಡೆಯ ಮೇಲೆ ಈಗಲೂ ಅಂಥ ಒಪ್ಪಂದವಿಲ್ಲದೆ ದಿನ ಕಳೆಯುವಂತಿಲ್ಲ. ಆ ಸ್ಥಳದ ಗಾಳಿಯನ್ನು ಬಳಸುವವರು ಮಾದರಿಯವರು ಮಾತ್ರವಲ್ಲ. 1930ರಲ್ಲಿ, ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿ ಮೂರು ವರ್ಷಗಳ ಮೇಲೆ, ಚಾರ್ಲ್ಸ್ ಲಿಂಡ್‌ಬರ್ಗ್ ಹತ್ತಿರದ ಸೋಲೆಡಾಡ್ ಬೆಟ್ಟದಿಂದ ಗ್ಲೈಡರಿನಲ್ಲಿ ಹೊರಟು ಈ ಬಂಡೆಗಳ ಗಾಳಿಯನ್ನು ಹಿಡಿದೇ ಡೆಲ್ ಮಾರ್ ಊರನ್ನು ಮುಟ್ಟಿದನು. 1993ರಲ್ಲಿ ಈ ಹಾರುದಾಣವು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಇಂದು ಅಲ್ಲಿ ಬಟ್ಟೆಯ ರೆಕ್ಕೆಗಳಿಗೆ ನೇತುಕೊಂಡು ಮನುಷ್ಯರೇ ಹಾರುತ್ತಾರೆ. ಮನುಷ್ಯನಿರುವ ರೆಕ್ಕೆಗೆ ಮಾದರಿಯ ರೆಕ್ಕೆ ದಾರಿ ಬಿಡಬೇಕೆಂಬುದು ನಿಯಮ. ಆದರೆ ಹಾರಿಸುವವನ ಕಣ್ಣು ತನ್ನ ವಿಮಾನವನ್ನು ಬಿಟ್ಟು ಅತ್ತಿತ್ತ ಹೊರಳಲಾರದು. ಅವನ ಹೆಗಲ ಬಳಿ ಇನ್ನೊಬ್ಬನು ನಿಂತು "ಎಡಗಡೆ, ಮೇಲೆ, ಬರುತ್ತಿದ್ದಾನೆ" ಎಂದು ಹೇಳುತ್ತಿದ್ದರೆ ಅವನು ನಿಶ್ಚಿಂತ. ಈ ಕೆಲಸವನ್ನು ಮಾಡುವ ಯಂತ್ರ ಯಾವ ಅಂಗಡಿಯಲ್ಲೂ ಸಿಕ್ಕುವುದಿಲ್ಲ.

ಈ ಹವ್ಯಾಸದಲ್ಲಿ ಪತ್ರಿಕೆಗಳ ತಲೆಬರಹಕ್ಕೆ ಏರುವುದು ವೇಗ. ಬೆಟ್ಟದ ಬೆನ್ನ ಹಿಂದೆ, ಓಡುವ ಗಾಳಿಗೂ ನಿಂತ ಗಾಳಿಗೂ ನಡುವೆ ಗ್ಲೈಡರನ್ನು ಸುತ್ತಿಸಿ ವೇಗವನ್ನು ಕೂಡಿಸುತ್ತ ಹೋಗುವ ವಿದ್ಯೆಯೊಂದುಂಟು. ಆಲ್ಬಟ್ರಾಸ್ ಎಂಬ ಕಡಲಹಕ್ಕಿಯ ಗುಟ್ಟು ಅದೇ. 2021ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟವೊಂದರಲ್ಲಿ ಸ್ಪೆನ್ಸರ್ ಲಿಸೆನ್‌ಬಿ ಎಂಬಾತನು ಹೀಗೆ ಗಂಟೆಗೆ 882 ಕಿಲೋಮೀಟರು ಮುಟ್ಟಿದನು. ಎಂಜಿನ್ನಿಲ್ಲದ ಆಟಿಕೆ ಜೆಟ್ ವಿಮಾನದ ವೇಗಕ್ಕೆ ಸಮೀಪಿಸಿತು! ಆಶ್ಚರ್ಯವೇನೋ ಹೌದು. ಆದರೆ ಹಳಬರು ಹೆಚ್ಚು ಗೌರವದಿಂದ ಮಾತಾಡುವುದು ಇನ್ನೊಂದು ಸಾಧನೆಯನ್ನು ಕುರಿತು.

1969ರಲ್ಲಿ ಅಮೆರಿಕದಲ್ಲಿ ನೀರವ ಹಾರಾಟದ ಕೂಟವೊಂದು ಹುಟ್ಟಿತು. ಅದಕ್ಕೆ ಸೇರಲು ಸಾಧನೆಯನ್ನು ತೋರಿಸಬೇಕು. ಸಾಧನೆಗೆ ಐದು ಮೆಟ್ಟಿಲುಗಳು. ಮೊದಲನೆಯದು ಮಕ್ಕಳಾಟ: ಬಯಲಿನಲ್ಲಿ 5 ನಿಮಿಷ, ಇಳಿಜಾರಿನಲ್ಲಿ 15 ನಿಮಿಷ ತೇಲಿಸಬೇಕು, ಗುರಿಯಿಟ್ಟ ಜಾಗದಲ್ಲಿ ಇಳಿಸಬೇಕು. ಮೇಲೇರಿದಂತೆ ಅವಧಿ ಬೆಳೆಯುತ್ತದೆ. ಐದನೆಯ ಮೆಟ್ಟಿಲಿನಲ್ಲಿ ಬಿಸಿಗಾಳಿಯ ಬಲವೊಂದರಿಂದಲೇ 2 ಗಂಟೆ. 10 ಕಿಲೋಮೀಟರು ದೂರದ ಗುರಿಗೆ ಹೋಗಿ ಹಿಂದಿರುಗುವುದು. ಇಳಿಜಾರಿನಲ್ಲಿ 8 ಗಂಟೆ. ಒಂದು ಕಚೇರಿಯ ಕೆಲಸದ ದಿನದಷ್ಟು ಹೊತ್ತು ಒಂದೇ ವಿಮಾನ ನೆಲಕ್ಕೆ ತಾಗದೆ ಮೇಲಿರಬೇಕು. ಕಡಲಗಾಳಿ ಹೊತ್ತೇರಿದ ಮೇಲೆ ಬಂದು ಸಂಜೆಯ ಮೊದಲೇ ಮಂದವಾಗುವ ದಿನಗಳೇ ಹೆಚ್ಚು. 8 ಗಂಟೆ ನಿಂತು ಬೀಸುವ ದಿನ ಅಪರೂಪ. ಅಂಥ ದಿನ ಬಂದಾಗ ಹಾರಿಸುವವನು ಕಣ್ಣು ತೆಗೆಯುವಂತಿಲ್ಲ. ಬಾಯಿಗೆ ರೊಟ್ಟಿಯ ಚೂರನ್ನು ಯಾರಾದರೂ ಇಡಬೇಕು. ನೀರಿನ ವಿಷಯದಲ್ಲಿ ಅವನೇ ವಿವೇಕದಿಂದ ನಡೆದುಕೊಳ್ಳಬೇಕು. ಬಿಸಿಲು ಮುಖಕ್ಕೆ ಹೊಡೆದರೆ ಟೋಪಿಯ ಅಂಚನ್ನು ತಗ್ಗಿಸುವ ಕೈ ಬೇರೊಬ್ಬರದಾಗಿರಬೇಕು.

ಅಲ್ಲದೆ ಸಾಕ್ಷಿ ಬೇಕು. ಇಂಥವನು ಇಂಥ ದಿನ ಇಷ್ಟು ಹೊತ್ತು ಹಾರಿಸಿದನೆಂದು ನೋಡಿದವರು ರುಜು ಹಾಕಿದರೆ ಮಾತ್ರ ಆ ಹಾರಾಟ ಲೆಕ್ಕಕ್ಕೆ ಬರುತ್ತದೆ. ರುಜು ಹಾಕುವವನಿಗೆ ಪದಕವಿಲ್ಲ, ಪತ್ರಿಕೆಯಲ್ಲಿ ಹೆಸರಿಲ್ಲ. ಆದರೂ ಅಂಥ ದಿನ ಸಂಗಡಿಗರು ತಮ್ಮ ವಿಮಾನಗಳನ್ನು ಕಾರಿನಲ್ಲೇ ಬಿಟ್ಟು ಬಂಡೆಯ ಅಂಚಿನಲ್ಲಿ ಮಡಚುವ ಕುರ್ಚಿಗಳನ್ನು ಹಾಕಿ ಕುಳಿತುಕೊಳ್ಳುತ್ತಾರೆ. ಏಳನೆಯ ಗಂಟೆಗೆ ಗಾಳಿ ಒಮ್ಮೆ ಸಡಿಲುತ್ತದೆ. ವಿಮಾನ ಅಂಚಿಗಿಂತ ಕೆಳಗಿಳಿದು ಕಣ್ಣಿಗೆ ಮರೆಯಾಗುವಂತಾಗುತ್ತದೆ. ಕುಳಿತವರೆಲ್ಲ ಎದ್ದು ನಿಲ್ಲುತ್ತಾರೆ. ಯಾರೋ ಒಬ್ಬರು ದಕ್ಷಿಣದ ಕಡೆಗೆ ಕೈ ತೋರಿಸುತ್ತಾರೆ. ಅಲ್ಲಿ ಗೋಡೆಯ ಒಂದು ಮಡಿಕೆಯ ಬಳಿ ಎರಡು ಗಲ್ ಹಕ್ಕಿಗಳು ರೆಕ್ಕೆ ಅಲುಗಿಸದೆ ಏರುತ್ತಿವೆ. ಹೆಬ್ಬೆರಳು ಕೂದಲೆಳೆಯಷ್ಟು ಸರಿಯುತ್ತದೆ. ಬಿಳಿಯ ರೆಕ್ಕೆ ಆ ಹಕ್ಕಿಗಳ ಕಡೆಗೆ ವಾಲಿ, ಅವುಗಳ ಕೆಳಗೆ ಹೊಕ್ಕು, ಮೆಲ್ಲನೆ ಅಂಚಿನ ಮಟ್ಟಕ್ಕೆ ಬರುತ್ತದೆ. ಗಡಿಯಾರ ನೋಡುವವನು "ಇನ್ನು ನಲವತ್ತು ನಿಮಿಷ" ಎನ್ನುತ್ತಾನೆ. ಉಳಿದವರು ಮತ್ತೆ ಕುಳಿತುಕೊಳ್ಳುತ್ತಾರೆ.